ಗುಲಾಬಿ ಪ್ಯಾಕೇಜಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು?

ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು ಅಕ್ಟೋಬರ್ ಬಂತೆಂದರೆ ಡಯಾಗ್ನೋಸ್ಟಿಕ್ ಸೆಂಟರ್‌ಗಳ ಮುಂದೆ ಗುಲಾಬಿ ರಿಬ್ಬನ್ನಿನ ಬ್ಯಾನರ್ ಏಳುತ್ತದೆ. ‘ಸಂಪೂರ್ಣ ಸ್ತನ ತಪಾಸಣೆ’ ಎಂದು ಮಾರುವ ಪ್ಯಾಕೇಜಿನೊಳಗೆ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ), ಕ್ಯಾನ್ಸರ್ ಸೂಚಕವೆನ್ನುವ ಸಿಎ 15-3 ರಕ್ತಪರೀಕ್ಷೆ, ವಿಟಮಿನ್ ಡಿ, ಥೈರಾಯ್ಡ್, ಕೆಲವೆಡೆ ಚರ್ಮದ ಶಾಖ ಅಳೆಯುವ ಥರ್ಮಲ್ ಸ್ಕ್ಯಾನ್, ಕೊನೆಗೊಂದು ಡಯೆಟ್ ಚೀಟಿ. ಯಾವ ತೊಂದರೆಯೂ ಇಲ್ಲದ, 40 ದಾಟಿದ ಹೆಂಗಸಿಗೆ ಇದರಲ್ಲಿ ದುಡ್ಡು ಕೊಡಬೇಕಾದದ್ದು ಮೊದಲನೆಯದಕ್ಕೆ ಮಾತ್ರ.

ಸಿಎ 15-3 ಆರಂಭದ ಹಂತದ ಕ್ಯಾನ್ಸರ್‌ನಲ್ಲಿ ಬಹುತೇಕ ಏರುವುದೇ ಇಲ್ಲ. ಲಿವರ್ ತೊಂದರೆ ಇದ್ದವರಲ್ಲಿ ಸುಮ್ಮನೆ ಏರಿ ಗಾಬರಿ ಹುಟ್ಟಿಸುತ್ತದೆ. ಹರಡಿದ ಕಾಯಿಲೆಗೆ ಚಿಕಿತ್ಸೆ ನಾಟುತ್ತಿದೆಯೇ ಎಂದು ನೋಡಲು ಅದು ಸರಿ, ತಪಾಸಣೆಗೆ ಅಲ್ಲ. ‘ನೋವಿಲ್ಲ, ವಿಕಿರಣವಿಲ್ಲ’ ಎಂಬ ಥರ್ಮಲ್ ಸ್ಕ್ಯಾನ್ ಮ್ಯಾಮೋಗ್ರಾಮ್‌ಗೆ ಬದಲಿ ಅಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ. ವಿಟಮಿನ್ ಡಿ ಪ್ಯಾಕೇಜಿನ ತೂಕಕ್ಕೆ ಸೇರಿಸಿದ ಕಲ್ಲು.

ಇನ್ನು ಮ್ಯಾಮೋಗ್ರಾಮ್. ಒಂದೊಂದು ಸ್ತನಕ್ಕೆ ಎರಡು ಕೋನ, ಮೇಲಿನಿಂದ ಒಂದು, ಓರೆಯಾಗಿ ಒಂದು. ಒಟ್ಟು ನಾಲ್ಕು ಚಿತ್ರ. ಪ್ಲೇಟು ಕೆಲವು ಸೆಕೆಂಡು ಬಿಗಿಯಾಗಿ ಒತ್ತುತ್ತದೆ. ಒತ್ತಿದಷ್ಟೂ ಅಂಗಾಂಶ ಹರಡಿ ಚಿತ್ರ ಸ್ಪಷ್ಟವಾಗುತ್ತದೆ, ವಿಕಿರಣವೂ ಕಡಿಮೆ ಸಾಕಾಗುತ್ತದೆ. ‘ನಮ್ಮಲ್ಲಿ ಒತ್ತುವುದೇ ಇಲ್ಲ’ ಎನ್ನುವ ಸೆಂಟರಿಗೆ ಹೋಗಬೇಡಿ. ಓರೆ ಚಿತ್ರದಲ್ಲಿ ಎದೆಯ ಸ್ನಾಯು ಮೊಲೆತೊಟ್ಟಿನ ಮಟ್ಟದವರೆಗೆ ಕಾಣಬೇಕು. ಕಾಣದಿದ್ದರೆ ಕಂಕುಳ ಕಡೆಯ ಭಾಗ ಬಿಟ್ಟುಹೋಗಿರುವ ಸಾಧ್ಯತೆ ಇದೆ.

ಹೋಗುವ ದಿನ ಕಂಕುಳಿಗೆ ಡಿಯೋಡರೆಂಟ್, ಪೌಡರ್ ಬೇಡ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕಿಗಳಂತೆ ಕಾಣುತ್ತವೆ; ನಿಜವಾದ ಚುಕ್ಕಿಗಳೋ ಕೆಲವೊಮ್ಮೆ ಕ್ಯಾನ್ಸರಿನ ಮೊದಲ ಗುರುತು. ಮುಟ್ಟು ಮುಗಿದ ವಾರ ಹೋದರೆ ನೋವು ಕಡಿಮೆ. ಒಂದೇ ತುಂಡಿನ ಗೌನಿಗಿಂತ ಸೀರೆ ಅಥವಾ ಚೂಡಿದಾರ ಅನುಕೂಲ.

ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಷ್ಟೇ ಬರೆದಿದ್ದರೆ ಅದು ಅರೆಕೆಲಸ. ಅನುಮಾನ ಎಷ್ಟೆಂದು 0ಯಿಂದ ಮೇಲಕ್ಕೆ ಹೇಳುವ ಬೈ-ರಾಡ್ಸ್ ಅಂಕಿ ಇರಬೇಕು. 1 ಮತ್ತು 2 ನಿಶ್ಚಿಂತೆ. 3 ಎಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, ಆರು ತಿಂಗಳಿಗೆ ಮತ್ತೆ ನೋಡಬೇಕು. 4, 5 ಬಯಾಪ್ಸಿಗೆ, ಅಂದರೆ ತುಣುಕು ತೆಗೆದು ಪರೀಕ್ಷಿಸಲು. ಅತಿ ಹೆಚ್ಚು ಗೊಂದಲ 0ಯದ್ದು: ‘ಏನೂ ಇಲ್ಲ’ ಎಂದು ಓದಿಕೊಂಡು ಫೈಲ್ ಮುಚ್ಚಿಬಿಡುತ್ತಾರೆ. ಅದರ ಅರ್ಥ ಪರೀಕ್ಷೆ ಮುಗಿದಿಲ್ಲ, ಇನ್ನಷ್ಟು ಚಿತ್ರ ಅಥವಾ ಅಲ್ಟ್ರಾಸೌಂಡ್ ಬೇಕು ಎಂದು. ರಿಪೋರ್ಟಿನಲ್ಲಿ ಸ್ತನದ ಸಾಂದ್ರತೆ ಸಿ ಅಥವಾ ಡಿ (ಎ ಇಂದ ಡಿವರೆಗಿನ ಅಳತೆಯಲ್ಲಿ ದಟ್ಟ ಅಂಗಾಂಶ) ಎಂದಿದ್ದರೂ ಅಲ್ಟ್ರಾಸೌಂಡ್ ಬಗ್ಗೆ ಕೇಳಿ. ಅಂಗಾಂಶವೂ ಬಿಳಿ, ಗಂಟೂ ಬಿಳಿ. ಹಾಲಿನಲ್ಲಿ ಸುಣ್ಣ ಹುಡುಕಿದ ಹಾಗೆ. ಚಿತ್ರಗಳ ಸಿಡಿ ಕೇಳಿ ಪಡೆಯಿರಿ, ಮುಂದಿನ ಸಲ ಹೋಲಿಸಲು ಬೇಕು.

ಡಯೆಟ್ ಚೀಟಿಯಲ್ಲಿ ಅರಿಶಿನ, ಅಗಸೆ ಬೀಜ ಎಲ್ಲ ಇರುತ್ತವೆ, ಮದ್ಯದ ಮಾತೇ ಇರುವುದಿಲ್ಲ. ದಿನಕ್ಕೆ 10 ಗ್ರಾಂ ಆಲ್ಕೋಹಾಲಿಗೆ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ. 7ರಷ್ಟು ಏರುತ್ತದೆ. ಮುಟ್ಟು ನಿಂತ ಮೇಲೆ ಏರುವ ತೂಕದ ಎಚ್ಚರ, ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಎದೆಹಾಲು: ಆ ಕಾಗದದಲ್ಲಿ ಬರಬೇಕಾದವು ಇವು.

ಪ್ಯಾಕೇಜಿಗೆ ದುಡ್ಡಿಲ್ಲದವರಿಗೂ ದಾರಿ ಇದೆ. ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ ಉಚಿತ. ಇದನ್ನು ಕಡೆಗಣಿಸುವಂತಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೀಗೆ ನೋಡಿದಾಗ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಕಂಕುಳು ಬಿಟ್ಟು, ರವಿಕೆಯ ಮೇಲಿಂದಲೇ ಅರ್ಧ ನಿಮಿಷದಲ್ಲಿ ಮುಗಿಸಿದರೆ ಮಾತ್ರ ಅದು ಪರೀಕ್ಷೆಯಲ್ಲ.

ಕೈಗೆ ಗಂಟು ಸಿಗುತ್ತಿದ್ದರೆ ಮೇಲಿನ ಯಾವ ಪ್ಯಾಕೇಜೂ ನಿಮಗಲ್ಲ. ನೇರ ಸರ್ಜನ್ ಬಳಿ ಹೋಗಿ; ಮ್ಯಾಮೋಗ್ರಾಮ್ ಸರಿ ಇದ್ದರೂ ಗಂಟಿಗೆ ಉತ್ತರ ಸಿಗಬೇಕು. ಅವರು ‘ಗಂಟು ತೆಗೆದೇ ನೋಡೋಣ’ ಎಂದರೆ, ಮೊದಲು ಸೂಜಿಯಿಂದ ತುಣುಕು ತೆಗೆಯುವ ಕೋರ್ ಬಯಾಪ್ಸಿ ಯಾಕಾಗದು ಎಂದು ಕೇಳಿ.