ಪುಟ್ಟ ಸ್ಪೆಕ್ಟ್ರೋಮೀಟರಿಗೆ ಯಾವ ಗ್ರೇಟಿಂಗ್?

ಶಿವಮೊಗ್ಗದ ಕಾಲೇಜು ಲ್ಯಾಬಿನಲ್ಲಿ ಪುಟ್ಟ ಸ್ಪೆಕ್ಟ್ರೋಮೀಟರ್ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಸಾಧನ) ಕಟ್ಟುವವರು ಮೊದಲು ಗ್ರೇಟಿಂಗ್, ಅಂದರೆ ಒತ್ತೊತ್ತಾದ ಗೆರೆಗಳಿಂದ ಬಣ್ಣ ಬಿಡಿಸುವ ಫಲಕ, ಆರಿಸಬೇಕು. ವಜ್ರದ ಮೊನೆಯಿಂದ ಗೀರಿದ್ದು ತನಗೆ ಹೊಂದಿಸಿದ ಬಣ್ಣದ ಸುತ್ತ ಬೆಳಕನ್ನು ಜಾಸ್ತಿ ಕೊಡುತ್ತದೆ. ಆದರೆ ಗೀರುಗಳ ಅಂತರ ಏರುಪೇರಾದರೆ ಬೆಳಕಿನಲ್ಲಿ ಇಲ್ಲದ ಬಣ್ಣದ ಗೆರೆಗಳೂ ಕಾಣಿಸುತ್ತವೆ. ಹೋಲೋಗ್ರಾಫಿಕ್ ಗ್ರೇಟಿಂಗಿನಲ್ಲಿ ಎರಡು ಲೇಸರ್ ಕಿರಣ ಸೇರಿ ಗೆರೆ ಮೂಡಿಸುವುದರಿಂದ ಆ ಕಾಟವಿಲ್ಲ, ಚದುರಿದ ಬೆಳಕೂ ಕಡಿಮೆ. ಅಡಿಕೆ ಚೊಗರಿನಂಥ ಕಡು ದ್ರಾವಣ ಅಳೆಯುವಾಗ ಇದೇ ಮುಖ್ಯ ಅಲ್ವಾ? ದಾಟಿ ಬರುವ ಬೆಳಕೇ ಚೂರು, ಅದಕ್ಕೆ ಚದುರಿದ ಬೆಳಕು ಬೆರೆತರೆ ಅಳತೆಯೇ ತಪ್ಪುತ್ತದೆ. ಒಳಬಾಗಿದ ಹೋಲೋಗ್ರಾಫಿಕ್ ಗ್ರೇಟಿಂಗ್ ಬಣ್ಣ ಬಿಡಿಸುವ ಜೊತೆಗೆ ಬೆಳಕನ್ನು ತಾನೇ ಕೇಂದ್ರೀಕರಿಸುತ್ತದೆ. ಬೇರೆ ಕನ್ನಡಿ ಬೇಡ, ಪೆಟ್ಟಿಗೆ ಚಿಕ್ಕದಾಗುತ್ತದೆ. ನನ್ನ ಆಯ್ಕೆ ಇದೇ. ತೀರಾ ಮಂದ ಬೆಳಕಿನ, ಒಂದೇ ಬಣ್ಣದ ಸುತ್ತಲಿನ ಕೆಲಸಕ್ಕೆ ಮಾತ್ರ ಗೀರಿದ್ದು ವಾಸಿ. ಜೆಲಟಿನ್ ಪದರದಲ್ಲಿ ಗೆರೆ ಮೂಡಿಸಿದ ಹೋಲೋಗ್ರಾಫಿಕ್ ಗ್ರೇಟಿಂಗ್ ಕೊಳ್ಳುವುದಾದರೆ ಎರಡು ಗಾಜಿನ ನಡುವೆ ಸೀಲ್ ಆಗಿರುವುದನ್ನೇ ತಗೊಳ್ಳಿ. ಆಗುಂಬೆ ಮಳೆಗಾಲದ ತೇವಕ್ಕೆ ಬರೀ ಜೆಲಟಿನ್ ತಡೆಯುವುದಿಲ್ಲ.