ಕಾರಿಗೆ ಸಿಕ್ಕಿಸುವ ಟ್ರ್ಯಾಕಿಂಗ್ ಡಿವೈಸ್: ಬ್ಯಾಟರಿ ಖಾಲಿ ಮಾಡಿದ್ದೂ ಅದೇ, ಎಂಜಿನ್ ಕೆಟ್ಟಿದೆ ಅಂದಿದ್ದೂ ಅದೇ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಭಾನುವಾರ ಸ್ಟಾಲ್ ಹಾಕಿ ಕಾರಿನ ಡಿವೈಸ್ ಮಾರುವವರು ಈಗ ಜಾಸ್ತಿ ಆಗಿದ್ದಾರೆ. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ (ದೋಷ ಪತ್ತೆಗೆ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಸಿಕ್ಕಿಸುವ ಜಾಗ) ಒಂದು ಪುಟ್ಟ ಡಬ್ಬಿ ಸಿಕ್ಕಿಸಿ ಕೊಡುತ್ತಾರೆ. ಎಂಜಿನ್ ಹೇಗಿದೆ, ಗಾಡಿ ಎಲ್ಲಿದೆ, ಯಾರು ಹೇಗೆ ಓಡಿಸಿದರು, ಎಲ್ಲವೂ ಮೊಬೈಲ್‌ನಲ್ಲೇ ಗೊತ್ತಾಗುತ್ತದೆ ಅನ್ನುತ್ತಾರೆ. ವಾರಕ್ಕೊಮ್ಮೆ ಮಾತ್ರ ಗಾಡಿ ತೆಗೆಯುವವರು, ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುವವರು ಅದನ್ನು ಹಾಕಿಸುವ ಮೊದಲು ದಯವಿಟ್ಟು ಇದನ್ನು ಓದಿ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಥರ ಕೆಲಸ ಮಾಡುವ ಡಿವೈಸ್‌ಗಳು ಬೇಕಾದಷ್ಟಿವೆ.

ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮನೆ ಜೆ.ಪಿ. ನಗರ. ನಾನು ಆಫೀಸಿಗೆ ಮೆಟ್ರೋದಲ್ಲಿ ಹೋಗುತ್ತೇನೆ. ಗಾಡಿ ಜಾಸ್ತಿ ಬೇಕಾಗುವುದು ಅಪ್ಪನಿಗೆ. ಅವರಿಗೆ ವಯಸ್ಸಾಗಿದೆ, ದಾರಿಯಲ್ಲಿ ಏನಾದರೂ ಆದರೆ ತಕ್ಷಣ ಗೊತ್ತಾಗಲಿ ಅಂತ ಒಂದು ವರ್ಷದ ದುಡ್ಡು ಕಟ್ಟಿ ಡಿವೈಸ್ ಹಾಕಿಸಿದೆವು. ಅದರೊಳಗೇ ಸಿಮ್, ಜಿಪಿಎಸ್ ಎರಡೂ ಇದ್ದವು.

ದಸರಾ ರಜೆಗೆ ಎಲ್ಲರೂ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದೆವು. ಗಾಡಿ ಕೆಳಗಿನ ಬೇಸ್‌ಮೆಂಟ್‌ನಲ್ಲಿ ಸುಮ್ನೆ ನಿಂತಿತ್ತು. ವಾಪಸ್ ಬಂದು ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್ ಸದ್ದು. ಬ್ಯಾಟರಿ ಹಿಂದಿನ ವರ್ಷವಷ್ಟೇ ಹಾಕಿಸಿದ್ದು. ಅಪ್ಪನನ್ನು ಆಟೋದಲ್ಲಿ ಕಣ್ಣಿನ ಆಸ್ಪತ್ರೆಗೆ ಕಳಿಸಿ, ಪಕ್ಕದ ಮನೆಯವರ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಿಸಿದೆ.

ಗಾಡಿಯನ್ನು ಮೇಲಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಆ್ಯಪ್‌ನಲ್ಲಿ ಸಾಲು ಸಾಲು ಕೆಂಪು ಸೂಚನೆ. ಯು0100 ಅನ್ನುವ ದೋಷದ ಕೋಡ್ ಬಂದಿದೆ, ಎಂಜಿನ್ ಕಂಟ್ರೋಲ್ ಮಾಡ್ಯೂಲ್ (ಇಸಿಎಂ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಜೊತೆ ಸಂಪರ್ಕ ತಪ್ಪಿದೆ, ಗಂಭೀರ ದೋಷ, ಗಾಡಿ ಓಡಿಸಬೇಡಿ ಅಂತ. ಅದರ ಕೆಳಗೇ ಅವರ ಗ್ಯಾರೇಜ್ ಬುಕ್ ಮಾಡುವ ಬಟನ್. ಸ್ವಲ್ಪ ಹೊತ್ತಿಗೆ ಫೋನ್ ಬಂತು. "ಮೇಡಂ, ನಿಮ್ಮ ಗಾಡಿಯ ಇಸಿಎಂ ಹೋಗಿರಬಹುದು. ಟೋಯಿಂಗ್ ಕಳಿಸ್ತೀವಿ. ಬದಲಾಯಿಸೋದಾದ್ರೆ 40,000 ಮೇಲಾಗುತ್ತೆ" ಅಂದರು. ಗಾಡಿಯನ್ನು ಕಣ್ಣಿಂದ ನೋಡಿಯೇ ಇಲ್ಲ! ಮನೆಯಲ್ಲಿ ಅಪ್ಪ ಒಬ್ಬರೇ ಇದ್ದು ಆ ಫೋನ್ ತೆಗೆದಿದ್ದರೆ ಹೆದರಿ ಗಾಡಿ ಕಳಿಸಿಬಿಡುತ್ತಿದ್ದರು.

ನಾನು ಬೇಡ ಅಂದು, ಬನಶಂಕರಿಯಲ್ಲಿ ಮೊದಲಿಂದ ನಮ್ಮ ಗಾಡಿ ನೋಡುವ ಮೆಕ್ಯಾನಿಕ್ ಅಣ್ಣನನ್ನು ಮನೆಗೆ ಕರೆಸಿದೆ. ಅವರು ತಮ್ಮ ಸ್ಕ್ಯಾನರ್ ಹಾಕಿ ನೋಡಿದರು. ಆ ಕೋಡ್ ಇತ್ತು, ಜೊತೆಗೆ ಪಿ0562 ಕೂಡ ಇತ್ತು, ಅಂದರೆ ವೋಲ್ಟೇಜ್ ಕಡಿಮೆ ಅಂತ. ಆ್ಯಪ್‌ನಲ್ಲಿ ಈ ಎರಡನೆಯದು ಪಟ್ಟಿಯ ಕೊನೆಯಲ್ಲಿ, ಹಳದಿ ಬಣ್ಣದಲ್ಲಿತ್ತು. ಅಸಲಿ ಕಾರಣ ಅದೇ. "ಅಕ್ಕಾ, ಬ್ಯಾಟರಿ ಬಿದ್ದಾಗ ಒಂದು ಮಾಡ್ಯೂಲ್ ಇನ್ನೊಂದರ ಜೊತೆ ಮಾತಾಡಲ್ಲ. ಆವಾಗ ಈ ಥರ ಕೋಡ್ ಕೂತ್ಕೊಳ್ಳುತ್ತೆ. ಎಂಜಿನ್‌ಗೆ ಏನೂ ಆಗಿಲ್ಲ" ಅಂದರು. ಬ್ಯಾಟರಿ ಚಾರ್ಜ್ ಮಾಡಿ, ಕೋಡ್ ಅಳಿಸಿ, ಕನಕಪುರ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದರು. ಯಾವ ಕೋಡೂ ವಾಪಸ್ ಬರಲಿಲ್ಲ.

ಹಾಗಾದರೆ ಬ್ಯಾಟರಿ ಇಳಿದಿದ್ದು ಯಾಕೆ? ಇದನ್ನು ಅವರು ಕಂಡುಹಿಡಿದ ರೀತಿ ನೀವೂ ತಿಳಿದಿರಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ನಿಂತ ಗಾಡಿ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ನೋಡಲು ವೈರ್‌ಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರ್ ಸೇರಿಸಿದರು. ಡ್ರೈವರ್ ಬಾಗಿಲು ತೆರೆದೇ ಇತ್ತು, ಆದರೆ ಅದರ ಅಂಚಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದರು. ಬಾಗಿಲು ಹಾಕಿದೆ ಅಂತ ಗಾಡಿ ಅಂದುಕೊಳ್ಳಬೇಕಲ್ಲ, ಅದಕ್ಕೆ. ಆಮೇಲೆ ಗಾಡಿಯೊಳಗಿನ ಮಾಡ್ಯೂಲ್‌ಗಳು ಮಲಗಲಿ ಅಂತ ಕಾಫಿ ಕುಡಿದು ಅರ್ಧ ಗಂಟೆ ಕಾದೆವು. ಮೀಟರ್ 130 ಮಿಲಿಆಂಪ್ ಆಸುಪಾಸಿನಿಂದ ಕೆಳಗೆ ಇಳಿಯಲೇ ಇಲ್ಲ. ಡಿವೈಸ್ ಕಿತ್ತು ಮತ್ತೆ ಕಾದೆವು. 20ಕ್ಕೆ ಬಂದು ನಿಂತಿತು. ನಿಲ್ಲಿಸಿದ ಗಾಡಿ ಸಾಮಾನ್ಯವಾಗಿ 50 ಮಿಲಿಆಂಪ್ ಒಳಗೇ ಇರಬೇಕು.

ಲೆಕ್ಕ ಕಷ್ಟದ್ದಲ್ಲ. 130 ಮಿಲಿಆಂಪ್ ಅಂದರೆ ದಿನಕ್ಕೆ ಸುಮಾರು 3 ಆಂಪಿಯರ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ). ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಫುಲ್ ಚಾರ್ಜ್ ಇದ್ದರೂ ಹನ್ನೊಂದು ಹನ್ನೆರಡು ದಿನಕ್ಕೆ ಪೂರ್ತಿ ಖಾಲಿ. ಸೆಲ್ಫ್ ತಗೊಳ್ಳದಿರುವುದು ಅದಕ್ಕೂ ಮೊದಲೇ ಶುರುವಾಗುತ್ತದೆ.

ಒಬಿಡಿ ಪೋರ್ಟ್‌ನಲ್ಲಿ 16 ಪಿನ್ ಇರುತ್ತವೆ. 16ನೆಯ ಪಿನ್‌ಗೆ ಕರೆಂಟ್ ನೇರವಾಗಿ ಬ್ಯಾಟರಿಯಿಂದ ಬರುತ್ತದೆ. ಕೀ ತೆಗೆದರೂ ಅದು ನಿಲ್ಲುವುದಿಲ್ಲ. ಗಾಡಿ ನಿಂತಿದೆ ಅಂತ ಗೊತ್ತುಮಾಡಿಕೊಂಡು ಡಿವೈಸೇ ಮಲಗಬೇಕು. ನಮ್ಮದು ಮಲಗುತ್ತಿರಲಿಲ್ಲ. ಇನ್ನೊಂದು ವಿಷಯ ಗಮನಿಸಿ: ಬೇಸ್‌ಮೆಂಟ್‌ನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸಿಮ್ ಇರುವ ಡಿವೈಸ್ ಸಿಗ್ನಲ್ ಹುಡುಕುವುದಕ್ಕೇ ಜಾಸ್ತಿ ಕರೆಂಟ್ ಎಳೆಯಬಹುದು. ಈ ಊರಿನಲ್ಲಿ ಎಷ್ಟು ಗಾಡಿಗಳು ಅಂಥ ಜಾಗದಲ್ಲೇ ನಿಲ್ಲುತ್ತವೆ, ಅಲ್ವಾ? ಅಂಥ ಕಡೆ ಸ್ಟಾಲ್ ಹಾಕಿ ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು.

ಮೀಟರ್‌ನ ಫೋಟೋ, ವಿಡಿಯೋ ಎರಡನ್ನೂ ಕಂಪನಿಗೆ ಕಳಿಸಿದೆ. "ನಮ್ಮ ಡಿವೈಸ್ ಸ್ಲೀಪ್ ಮೋಡ್‌ಗೆ ಹೋಗುತ್ತದೆ, ನಿಮ್ಮ ಬ್ಯಾಟರಿ ಹಳೆಯದು" ಅಂತ ಉತ್ತರ. ಬ್ಯಾಟರಿಯ ಬಿಲ್ ಕಳಿಸಿದ ಮೇಲೆ ಉತ್ತರವೇ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಉಳಿದ ತಿಂಗಳುಗಳ ದುಡ್ಡು ವಾಪಸ್ ಕೊಟ್ಟರು. ಬಿಲ್, ಚಾಟ್, ಫೋಟೋ ಇಟ್ಟುಕೊಂಡಿದ್ದರಿಂದ ಅಷ್ಟಾದರೂ ಆಯಿತು.

ಹೇಗೆ ಓಡಿಸಿದಿರಿ ಅಂತ ಆ್ಯಪ್ ಕೊಡುವ ಡ್ರೈವಿಂಗ್ ಸ್ಕೋರ್ ಬಗ್ಗೆಯೂ ಹೇಳಲೇಬೇಕು. ಜೋರಾಗಿ ಬ್ರೇಕ್ ಹಾಕಿದರೆ ಸ್ಕೋರ್ ಇಳಿಯುತ್ತದೆ. ಆಟೋ ಅಡ್ಡ ಬಂತೋ, ಬಣ್ಣ ಬಳಿಯದ ಹಂಪ್ ಇತ್ತೋ, ಡಿವೈಸ್‌ಗೆ ಗೊತ್ತಾಗುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ದಾಟಿ ಬಂದ ದಿನವೆಲ್ಲ ಅಪ್ಪನಿಗೆ ಕೆಂಪು ಗುರುತು. ಕೊನೆಗೆ ಒಂದು ದಿನ ಅವರು "ಬ್ರೇಕ್ ಮೇಲೆ ಕಾಲಿಡುವಾಗ ಸ್ಕೋರ್ ನೆನಪಾಗುತ್ತಮ್ಮಾ" ಅಂದರು. ನನಗೆ ನಿಜವಾಗಿ ಭಯ ಆಗಿದ್ದು ಆಗಲೇ. ವಯಸ್ಸಾದವರ ಗಾಡಿಯಲ್ಲಿ, ಹೊಸದಾಗಿ ಕಲಿತವರ ಗಾಡಿಯಲ್ಲಿ ಈ ಸ್ಕೋರ್ ತೋರಿಸುವುದನ್ನು ಮೊದಲು ಆಫ್ ಮಾಡಿ.

ಈ ಮಾಹಿತಿ ಎಲ್ಲೆಲ್ಲಿಗೆ ಹೋಗಬಹುದು ಅನ್ನುವುದೂ ಸಣ್ಣ ವಿಷಯ ಅಲ್ಲ. ಜನರಲ್ ಮೋಟಾರ್ಸ್ ಕಂಪನಿ ತನ್ನ ಕಾರುಗಳಲ್ಲಿ ಸಂಗ್ರಹಿಸಿದ ಚಾಲನೆಯ ವಿವರ ಡೇಟಾ ಕಂಪನಿಗಳಿಗೆ, ಅಲ್ಲಿಂದ ವಿಮೆಯವರಿಗೆ ಹೋಗುತ್ತಿದ್ದದ್ದು 2024ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ನಮ್ಮಲ್ಲೂ ಹೇಗೆ ಓಡಿಸುತ್ತೀರಿ ಅನ್ನುವುದರ ಮೇಲೆ ಪ್ರೀಮಿಯಂ ನಿರ್ಧರಿಸುವ ಪಾಲಿಸಿಗಳಿಗೆ ವಿಮೆ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2022ರಲ್ಲೇ ಒಪ್ಪಿಗೆ ಕೊಟ್ಟಿದೆ. ಆ್ಯಪ್ ಅಳಿಸಿದರೆ ಫೋನಿನಿಂದ ಮಾತ್ರ ಹೋಗುತ್ತದೆ. ಮನೆ ಎಲ್ಲಿ, ಆಸ್ಪತ್ರೆ ಎಲ್ಲಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಅನ್ನುವುದೆಲ್ಲ ಅವರ ಸರ್ವರ್‌ನಲ್ಲಿ ಉಳಿಯಬಹುದು. ಅಕೌಂಟನ್ನೂ ಹಳೆಯ ಟ್ರಿಪ್‌ಗಳನ್ನೂ ಅಳಿಸಿ ಅಂತ ಇಮೇಲ್‌ನಲ್ಲಿ ಬರೆದು ಕೇಳಿ, ಫೋನಿನಲ್ಲಿ ಬೇಡ.

ಚೆಕ್ ಎಂಜಿನ್ ಲೈಟ್ ಯಾಕೆ ಬಂತು ಅಂತ ನೋಡಿಕೊಳ್ಳುವುದಷ್ಟೇ ಬೇಕಿದ್ದರೆ ಸಿಮ್ ಇಲ್ಲದ ಬ್ಲೂಟೂತ್ ಅಡಾಪ್ಟರ್ ಸಾಕು. ಕೋಡ್ ಓದಿ, ಕಿತ್ತು ಡ್ಯಾಶ್‌ಬೋರ್ಡ್ ಡಬ್ಬದಲ್ಲಿಡಿ. ಐಫೋನ್ ಇದ್ದರೆ ಅದಕ್ಕೆ ಹೊಂದುತ್ತಾ ಅಂತ ಕೇಳಿ ತಗೊಳ್ಳಿ, ಹಳೇ ಥರದ ಬ್ಲೂಟೂತ್ ಅಡಾಪ್ಟರ್‌ಗಳು ಸಾಮಾನ್ಯವಾಗಿ ಅದರಲ್ಲಿ ನಡೆಯುವುದಿಲ್ಲ. ಕೋಡ್ ಬಂದ ಮಾತ್ರಕ್ಕೆ ಪಾರ್ಟ್ ಕೆಟ್ಟಿದೆ ಅಂತಲ್ಲ. ಮೊದಲು ಬ್ಯಾಟರಿ ವೋಲ್ಟೇಜ್ ನೋಡಿಸಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4 ವೋಲ್ಟ್‌ಗಿಂತ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ ಕೋಡ್ ಅಳಿಸಿ ನೋಡುವವರೆಗೆ ಯಾವ ಮಾಡ್ಯೂಲೂ ಬದಲಾಯಿಸಲು ಒಪ್ಪಬೇಡಿ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು ಸ್ಟೀರಿಂಗ್ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ಪೋರ್ಟ್ ನೋಡಿ. ಹಿಂದಿನ ಮಾಲೀಕರ ಡಿವೈಸ್ ಅಲ್ಲೇ ಉಳಿದಿದ್ದರೆ ನಿಮ್ಮ ಓಡಾಟ ಅವರ ಫೋನಿನಲ್ಲಿ ಕಾಣಬಹುದು. ಪೋರ್ಟ್ ಖಾಲಿ ಕಂಡರೂ ಅದರ ಹಿಂದಿನ ವೈರ್ ಮುಟ್ಟಿ ನೋಡಿ, ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಬ್ಬಿಯನ್ನು ಡ್ಯಾಶ್‌ಬೋರ್ಡ್ ಒಳಗೆ ಕಟ್ಟಿರುವುದೂ ಉಂಟು.