ನೀರಿನ ಬಾಟಲಿಯಲ್ಲಿ ಫಿನಾಯಿಲ್: ವೃದ್ಧಾಶ್ರಮಕ್ಕೆ ಹೋದರೆ ಸಿಂಕಿನ ಕೆಳಗೂ ಒಮ್ಮೆ ಬಗ್ಗಿ ನೋಡಿ

ಅಪ್ಪನಿಗೆ 81. ಮರೆವಿನ ಕಾಯಿಲೆ. ಮೈಸೂರಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದ್ದೆವು, ಹೆಸರು ಬೇಡ. ಸೇರಿಸುವಾಗ ಗಾಳಿ ಬೆಳಕು, ಊಟ, ನರ್ಸು ಎಲ್ಲಾ ವಿಚಾರಿಸಿದ್ದೆವು. ಬಾತ್‌ರೂಮಿನ ಮೂಲೆ ಮಾತ್ರ ನೋಡಿರಲಿಲ್ಲ.

ಅಲ್ಲಿ ಫಿನಾಯಿಲ್ ಬರೋದು 5 ಲೀಟರ್ ಕ್ಯಾನಿನಲ್ಲಿ. ಮಹಡಿ ಮಹಡಿಗೆ ಅದನ್ನು ಹೊರೋರು ಯಾರು? ಖಾಲಿ ನೀರಿನ ಬಾಟಲಿಗಳಿಗೆ ಸುರಿದು ಇಟ್ಟುಕೊಳ್ಳುತ್ತಾರೆ. ಕೆಲಸದವರನ್ನು ಬೈಯೋಕೆ ನನಗೆ ಬಾಯಿಲ್ಲ, ನಮ್ಮನೆಯಲ್ಲೂ ಆಸಿಡ್ ಹಾಗೇ ಇತ್ತು. ಬಿಳಿ ಫಿನಾಯಿಲ್ ನೋಡೋಕೆ ಥೇಟ್ ಮಜ್ಜಿಗೆ. ಊಟ ಆದಮೇಲೆ ಅಪ್ಪನಿಗೆ ಮಜ್ಜಿಗೆ ಬೇಕೇ ಬೇಕು. ಕೈ ತೊಳೆಯಲು ಹೋದವರು ಸಿಂಕಿನ ಕೆಳಗಿದ್ದ ಬಾಟಲಿ ಎತ್ತಿ ಎರಡು ಗುಟುಕು ಕುಡಿದಿದ್ದಾರೆ. ವಾಸನೆ ಬರಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಈ ಕಾಯಿಲೆಯಲ್ಲಿ ಮೂಗೂ ಮಂದವಾಗುತ್ತದಂತೆ. ನಮಗೂ ಆಮೇಲೇ ಗೊತ್ತಾಗಿದ್ದು.

ಆಯಾ ಗಾಬರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಫಿನಾಯಿಲ್ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಜಾಸ್ತಿ, ವಾಂತಿಯಾಗುವಾಗ ಇಳಿಯೋದೇ ಅಲ್ಲಿಗೆ. ಆಸಿಡ್ ಆಗಿದ್ದರೆ ಹೋಗುವಾಗ ಸುಟ್ಟ ಗಂಟಲನ್ನು ಬರುವಾಗ ಇನ್ನೊಮ್ಮೆ ಸುಡುತ್ತದೆ. ಅಪ್ಪನಿಗೆ ನ್ಯುಮೋನಿಯಾ ಆಗಿ 11 ದಿನ ಆಸ್ಪತ್ರೆಯಲ್ಲಿದ್ದರು.

ಕ್ಯಾಶುವಲ್ಟಿಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಕುಡಿದಿದ್ದರ ಬಾಟಲಿ ತಂದಿದ್ದೀರಾ?" ಕೊಟ್ಟೆ. ಅವರು ಎರಡು ಸಲ ತಿರುಗಿಸಿ ನೋಡಿದರು. ಲೇಬಲ್ ಮೇಲೆ ಇದ್ದಿದ್ದು ಕುಡಿಯುವ ನೀರು ಅಂತ. ಆಶ್ರಮಕ್ಕೆ ಫೋನ್ ಮಾಡಿ, ಅವರು ಸ್ಟೋರಿನ ಬೀಗ ತೆಗೆದು, ಕ್ಯಾನಿನ ಫೋಟೊ ಕಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಕ್ಯಾನಿಗೆ ಬೀಗ ಇತ್ತು ನೋಡಿ!

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 2022ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮೇಟಿಯೋದ ಒಂದು ವೃದ್ಧರ ವಸತಿಯಲ್ಲಿ ಜ್ಯೂಸ್ ಅಂತ ಕ್ಲೀನಿಂಗ್ ದ್ರಾವಣ ಕೊಟ್ಟು ಜೀವವೇ ಹೋಗಿದೆ.

ನಿಮ್ಮವರು ಇಂಥ ಕಡೆ ಇದ್ದರೆ ಸಿಂಕಿನ ಕೆಳಗೆ, ಬಕೆಟ್ ಪಕ್ಕ, ಕಮೋಡಿನ ಹಿಂದೆ ನೋಡಿ. ನೀರಿನ ಬಾಟಲಿ ಕಂಡರೆ ಅಲ್ಲೇ ಜಗಳ ಮಾಡಿ. ಆಸಿಡ್ ಮತ್ತು ಬ್ಲೀಚಿಂಗ್ ಒಂದೇ ಕಪಾಟಿನಲ್ಲಿದ್ದರೂ ಕೇಳಿ, ಚೆಲ್ಲಿ ಬೆರೆತರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. 108ರ ಜೊತೆ ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ 1800 116 117 ಕೂಡ ಫೋನಿನಲ್ಲಿ ಇಟ್ಟುಕೊಳ್ಳಿ.

ಮ್ಯಾನೇಜರ್ ಸಾರಿ ಕೇಳಿದರು. "ಇನ್ಮುಂದೆ ಬಾಟಲಿ ಮೇಲೆ ಫಿನಾಯಿಲ್ ಅಂತ ದೊಡ್ಡದಾಗಿ ಬರೆಸ್ತೀವಿ ಸಾರ್." ನಮ್ಮಪ್ಪ ಕನ್ನಡ ಮೇಷ್ಟ್ರಾಗಿದ್ದವರು. ಈಗ ಅವರ ಹೆಸರು ಬರೆದು ತೋರಿಸಿದರೂ ಓದುವುದಿಲ್ಲ.